ಟೈರ್ ಬಿಚ್ಚುವ ಮೊದಲು ನಾನು ನೋಡುವುದು

ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯ ಕಾರುಗಳಲ್ಲಿ ಇಪ್ಪತ್ತು ಸಾವಿರ ಕಿ.ಮೀ. ಆಗುವಷ್ಟರಲ್ಲೇ ಟೈರ್ ಬೋಳಾಯಿತು ಎಂಬ ದೂರು ತೀರಾ ಸಾಮಾನ್ಯ. ಮಾಲೀಕರು ಟೈರೇ ಸರಿಯಿಲ್ಲ ಅಂತಾರೆ, ಮಾರಿದವರು ರಸ್ತೆ ಸರಿಯಿಲ್ಲ ಅಂತಾರೆ. ಅಳತೆ ತೆಗೆಯದೆ ಆಡುವ ಈ ಮಾತುಗಳಿಂದ ಯಾರಿಗೂ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಟೈರ್ ಬಿಚ್ಚಿ, ಹಿಂದಿನದನ್ನು ಮುಂದಕ್ಕೆ ಹಾಕಿದ ಮೇಲೆ ಕಾರಣ ಹುಡುಕಿದರೂ ಪ್ರಯೋಜನವಿಲ್ಲ. ಯಾವ ಚಕ್ರದಲ್ಲಿ ಯಾವ ಕಡೆ ಸವೆದಿತ್ತು ಎಂಬ ಗುರುತೇ ಹೋಗಿರುತ್ತದೆ.

ಹಾಗಾಗಿ ಚಕ್ರಕ್ಕೆ ಕೈಹಚ್ಚುವ ಮೊದಲು ಪ್ರತಿ ಟೈರಿನ ಮೇಲೂ ಅದರ ಜಾಗವನ್ನು ಚಾಕ್‌ನಲ್ಲಿ ಬರೆಯುತ್ತೇನೆ: ಮುಂದೆ ಎಡ, ಮುಂದೆ ಬಲ, ಹೀಗೆ. ಆಮೇಲೆ ಟ್ರೆಡ್ ಗೇಜ್: ಟೈರ್ ನೆಲಕ್ಕೆ ತಾಗುವ ಮೈಯಲ್ಲಿರುವ (ಟ್ರೆಡ್) ಕಾಡಿಗಳ, ಅಂದರೆ ತೋಡುಗಳ, ಆಳ ಅಳೆಯುವ ಸಾಧನ. ಕೆಲವೇ ನೂರು ರೂಪಾಯಿಯ ಈ ಸಾಮಾನು ಪ್ರತಿ ಕಾರಿನಲ್ಲೂ ಇರಬೇಕು. ಒಂದು ಟೈರಿಗೆ ಒಂದೇ ಅಳತೆ ಸಾಲದು. ಒಳಅಂಚಿನ ಕಾಡಿ, ನಡುವಿನ ಕಾಡಿ, ಹೊರಅಂಚಿನ ಕಾಡಿ, ಈ ಮೂರರಲ್ಲೂ ಅಳೆದು, ಚಕ್ರವನ್ನು ಮೂರನೇ ಒಂದು ಸುತ್ತು ತಿರುಗಿಸಿ ಮತ್ತೆ, ಇನ್ನೊಮ್ಮೆ ಅಷ್ಟೇ ತಿರುಗಿಸಿ ಮತ್ತೆ ಅಳೆಯಬೇಕು. ಹೀಗೆ ಒಂದು ಟೈರಿಗೆ ಒಂಬತ್ತು ಅಂಕಿ. ಗೇಜಿನ ಕಡ್ಡಿ ಕಾಡಿಯೊಳಗಿನ ಸಣ್ಣ ದಿಣ್ಣೆಯ ಮೇಲೆ ಕೂರಬಾರದು. ಅದು 1.6 ಮಿ.ಮೀ. ಎತ್ತರದ ಸವೆತದ ಗುರುತು. ಟ್ರೆಡ್ ಅದರ ಮಟ್ಟಕ್ಕೆ ಬಂದರೆ ಟೈರ್ ಮುಗಿದಂತೆ. ಮಲೆನಾಡಿನ ಮಳೆಗೆ ನಾನು ಅಲ್ಲಿಯವರೆಗೂ ಕಾಯುವುದಿಲ್ಲ, 3 ಮಿ.ಮೀ.ಗೇ ಬದಲಿಸಲು ಹೇಳುತ್ತೇನೆ. ಕೊಟ್ಟಿಗೆಹಾರದ ಜೂನ್–ಜುಲೈ ಮಳೆಯಲ್ಲಿ ಕಾಡಿ ನೀರನ್ನು ಹೊರಹಾಕದಿದ್ದರೆ ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು.

ಅಂಕಿ ಸಿಕ್ಕ ಮೇಲೆ ಲೆಕ್ಕ ಸುಲಭ. ಹೊಸದರಲ್ಲಿ 8 ಮಿ.ಮೀ. ಇದ್ದದ್ದು 20,000 ಕಿ.ಮೀ.ಗೆ ಎಲ್ಲ ಕಡೆ ಸಮನಾಗಿ 4.8 ಆಗಿದ್ದರೆ, 1.6ಕ್ಕೆ ಇಳಿಯುವ ಮೊದಲು ಇನ್ನೂ ಅಷ್ಟೇ ದೂರ ಓಡುತ್ತದೆ. ಅದು ದೋಷವಲ್ಲ. ಹೊರಗೆ 5.5, ಒಳಗೆ 2.5 ಇದ್ದರೆ ಕಾರು ಟೈರನ್ನು ತಿನ್ನುತ್ತಿದೆ. ಅಲ್ಲಿ ಹೊಸ ಟೈರ್ ಹಾಕಿದರೆ ಅದನ್ನೂ ತಿನ್ನುತ್ತದೆ.

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ನಡು ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಬಟ್ಟಲು ಕೊರೆದಂತೆ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್, ವೀಲ್ ಬೇರಿಂಗ್, ಬ್ಯಾಲೆನ್ಸಿಂಗ್ ನೋಡಬೇಕು. ಇವು ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದೆ ಅತಿ ಹೆಚ್ಚು ಟೈರ್ ಹಾಳುಮಾಡುವುದು ಟೋ, ಅಂದರೆ ಎರಡು ಚಕ್ರಗಳು ಒಳಮುಖವಾಗಿಯೋ ಹೊರಮುಖವಾಗಿಯೋ ನಿಂತಿರುವ ಕೋನ. ಇದಕ್ಕೆ ಅಂಗೈ ಬೇಕು. ಟ್ರೆಡ್ ಮೇಲೆ ಅಂಗೈಯನ್ನು ಹೊರಗಿನಿಂದ ಕಾರಿನ ಕಡೆಗೆ ಅಡ್ಡಲಾಗಿ ಎಳೆಯಿರಿ, ನಂತರ ಕಾರಿನ ಕಡೆಯಿಂದ ಹೊರಕ್ಕೆ. ಒಳಕ್ಕೆ ಎಳೆದಾಗ ನುಣುಪು, ಹೊರಕ್ಕೆ ಎಳೆದಾಗ ಗರಗಸದ ಹಲ್ಲಿನಂತೆ ತರಚಿದರೆ ಚಕ್ರಗಳು ಒಳಮುಖವಾಗಿವೆ, ಟೋ ಇನ್ ಹೆಚ್ಚಿದೆ. ಉಲ್ಟಾ ಆದರೆ ಟೋ ಔಟ್. ಟೋ ಇನ್ ಹೊರಅಂಚನ್ನು ತಿಂದರೆ ಟೋ ಔಟ್ ಒಳಅಂಚನ್ನು ತಿನ್ನುತ್ತದೆ. ಒಳಅಂಚು ನಿಂತು ನೋಡಿದರೆ ಕಾಣುವುದಿಲ್ಲ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಬಗ್ಗಿ ನೋಡಬೇಕು. ತಂತಿ ಹೊರಬಿದ್ದಮೇಲೆ ಗೊತ್ತಾಗುವ ಟೈರುಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ವಾರವಾರ ಓಡಾಡುವ ಕಾರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ತಿರುವುಗಳಲ್ಲಿ ಭಾರವೆಲ್ಲ ಮುಂದಿನ ಟೈರಿನ ಹೊರಭುಜದ ಮೇಲೆ ಬೀಳುವುದರಿಂದ, ಅಲೈನ್‌ಮೆಂಟ್ (ಚಕ್ರಗಳು ನಿಂತಿರುವ ಕೋನಗಳ ಹೊಂದಾಣಿಕೆ) ಸರಿಯಿದ್ದರೂ ಅಲ್ಲಿ ಒರಟಾಗಿ ಸವೆಯುತ್ತದೆ. ಕೈಯಲ್ಲಿ ಮುಟ್ಟಿ ಇದನ್ನು ಟೋ ಇನ್‌ನಿಂದ ಬೇರ್ಪಡಿಸಲು ಆಗುವುದಿಲ್ಲ, ಅಲೈನ್‌ಮೆಂಟ್ ಮೆಷಿನಿನ ಪ್ರಿಂಟ್ ಬೇಕೇ ಬೇಕು. ಸರಿಪಡಿಸುವ ಮೊದಲಿನ ಅಂಕಿಯೂ ಆಮೇಲಿನ ಅಂಕಿಯೂ ಆ ಹಾಳೆಯಲ್ಲಿರಬೇಕು. ಮೆಷಿನಿಗೆ ಹತ್ತಿಸುವ ಮುಂಚೆ ಚಕ್ರವನ್ನು ಹಿಡಿದಿರುವ ಕೀಲುಗಳಾದ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್‌ನ ರಬ್ಬರ್ ಬುಷ್ ನೋಡಿಸಿ. ಬುಷ್ ಹರಿದಿದ್ದರೆ ಮೆಷಿನ್ ಮೇಲೆ "ಸರಿಯಿದೆ" ಎಂದು ಬಂದ ಹಸಿರು ಅಂಕಿ ಎಸ್ಟೇಟ್ ರಸ್ತೆಯ ಮೊದಲ ಗುಂಡಿಯವರೆಗೆ ಮಾತ್ರ.

ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನದ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಬಹುತೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ತಿದ್ದಲು ಅವಕಾಶವೇ ಇಲ್ಲ, ಮುಂದಿನ ಟೋ ಮಾತ್ರ ತಿದ್ದಬಹುದು. ಆದರೂ ಜ್ಯಾಕ್ ಇಟ್ಟು ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಬಗ್ಗಿಸಿ "ಕ್ಯಾಂಬರ್ ಸರಿ ಮಾಡಿದ್ದೇವೆ" ಎಂದು ಬಿಲ್ ಹಾಕುವ ಅಂಗಡಿಗಳಿವೆ. ಒಪ್ಪಬೇಡಿ. ಕ್ಯಾಂಬರ್ ತಪ್ಪಿದೆ ಎಂದರೆ ಏನೋ ಬಗ್ಗಿದೆ: ಸ್ಟ್ರಟ್, ಸ್ಟೇರಿಂಗ್ ನಕಲ್ (knuckle, ಚಕ್ರದ ಹಬ್ ಕೂರುವ ಭಾಗ) ಅಥವಾ ಲೋವರ್ ಆರ್ಮ್. ಆ ಭಾಗವನ್ನು ಹುಡುಕಿ ಬದಲಿಸುವುದೇ ದಾರಿ.

ಇನ್ನು ಗಾಳಿ. ಘಾಟಿ ಹತ್ತಿದರೆ ಗಾಳಿ ಏರುತ್ತದೆ, ಆದ್ದರಿಂದ ತೆಗೆಯಬೇಕು ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಲೆಕ್ಕ ಹಾಕಿ ನೋಡೋಣ. ಮಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು ಒಂದು ಸಾವಿರ ಮೀಟರ್ ಏರಿಕೆ. ಹೊರಗಿನ ವಾಯುಭಾರ ಇಳಿಯುವುದರಿಂದ ಗೇಜ್ ಒಂದೂವರೆ ಪಿ.ಎಸ್.ಐ.ಯಷ್ಟು (ಟೈರ್ ಗಾಳಿಯ ಒತ್ತಡದ ಅಳತೆ) ಹೆಚ್ಚು ತೋರಿಸುತ್ತದೆ. ಆದರೆ ಇಲ್ಲಿಯ ಬೆಳಗಿನ ಚಳಿಗೆ ಉಷ್ಣಾಂಶ ಹತ್ತು ಡಿಗ್ರಿ ಕಡಿಮೆಯಾದರೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಒಂದಕ್ಕೊಂದು ವಜಾ. ನಿಜವಾದ ತೊಂದರೆ ಬಿಸಿ ಟೈರಿನದು. ಘಾಟಿ ಓಡಿದ ತಕ್ಷಣ ಬಂಕಿನಲ್ಲಿ ಅಳೆದರೆ ನಾಲ್ಕೈದು ಪಿ.ಎಸ್.ಐ. ಹೆಚ್ಚಿರುತ್ತದೆ. "ಜಾಸ್ತಿಯಾಯ್ತು" ಎಂದು ಆಗ ಬಿಟ್ಟ ಗಾಳಿ ಮರುದಿನ ಬೆಳಿಗ್ಗೆ ಅಷ್ಟೂ ಕೊರತೆಯಾಗಿ ನಿಲ್ಲುತ್ತದೆ, ಎರಡೂ ಅಂಚಿನ ಸವೆತ ಅಲ್ಲಿಂದ ಶುರು. ಚಾಲಕನ ಬಾಗಿಲಿನ ಕಂಬದ ಸ್ಟಿಕರಿನಲ್ಲಿರುವ ಅಂಕಿ ತಣ್ಣಗಿನ ಟೈರಿಗೆ ಬರೆದದ್ದು. ಕನಿಷ್ಠ ಮೂರು ಗಂಟೆ ನಿಂತ ಕಾರಿನಲ್ಲಿ, ನಿಮ್ಮದೇ ಗೇಜಿನಿಂದ ಅಳೆಯಿರಿ.

ಹಾಗಾದರೆ ಟೈರಿನದೇ ದೋಷ ಯಾವಾಗ? ಮೊದಲು ಉಬ್ಬು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಹೊರಕ್ಕೆ ಉಬ್ಬಿದ್ದರೆ ಒಳಗಿನ ದಾರ ಕಡಿದಿದೆ, ಬಹುಪಾಲು ಗುಂಡಿಗೆ ಬಿದ್ದ ಪೆಟ್ಟಿನಿಂದ. ಹಾಗಾಗಿ ಹೆಚ್ಚಾಗಿ ಇದು ಟೈರಿನ ದೋಷವಲ್ಲ, ಆದರೂ ಆ ಟೈರಿನಲ್ಲಿ ಇನ್ನು ಓಡಿಸಬಾರದು. ಸೈಡ್‌ವಾಲಿನಲ್ಲಿ ಮೇಲಿನಿಂದ ಕೆಳಕ್ಕೆ ತೆಳುವಾದ ತಗ್ಗು ಗೆರೆ ಕಂಡರೆ ಹೆದರಬೇಡಿ, ಅದು ಒಳಪದರದ ಎರಡು ತುದಿ ಒಂದರ ಮೇಲೊಂದು ಕೂಡಿದ ಜಾಗ, ದೋಷವಲ್ಲ. ಟ್ರೆಡ್ ಮೇಲೇ ಒಂದು ಕಡೆ ದಿಣ್ಣೆ ಎದ್ದು, 20–30 ಕಿ.ಮೀ. ವೇಗದಲ್ಲೇ ಸ್ಟೇರಿಂಗ್ ಅತ್ತಿತ್ತ ಆಡುತ್ತಿದ್ದರೆ ಒಳಗಿನ ಉಕ್ಕಿನ ಬೆಲ್ಟ್ ಬಿಟ್ಟಿರುವ ಅನುಮಾನ. ಪಂಚರ್, ಪೆಟ್ಟು ಯಾವುದೂ ಇಲ್ಲದೆ ಹೀಗಾಗಿದ್ದರೆ ಟೈರಿನ ವಾರಂಟಿಯಲ್ಲಿ ಅದು ಗಟ್ಟಿ ಕ್ಲೇಮು.

ಬ್ಯಾಲೆನ್ಸಿಂಗ್ ಮಾಡಿದರೂ ನಡುಕ ನಿಲ್ಲದಿದ್ದರೆ ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ, ಇಟ್ಟಿಗೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಅದರ ತುದಿಯನ್ನು ಟ್ರೆಡ್‌ಗೆ ತಾಗುವಷ್ಟು ಹತ್ತಿರ ತಂದು ಚಕ್ರವನ್ನು ನಿಧಾನ ತಿರುಗಿಸುತ್ತೇನೆ. ಸಂದು ಒಂದೂವರೆ ಮಿ.ಮೀ.ಗಿಂತ ಹೆಚ್ಚು ಬದಲಾದರೆ ಟೈರೋ ಡಿಸ್ಕೋ (ಟೈರ್ ಕೂರುವ ಲೋಹದ ಚಕ್ರ) ದುಂಡಾಗಿಲ್ಲ. ಅದೇ ಪರೀಕ್ಷೆಯನ್ನು ಡಿಸ್ಕಿನ ಅಂಚಿಗೂ ಮಾಡಿದರೆ ಯಾವುದು ಎಂದು ತಿಳಿಯುತ್ತದೆ. ಕಾರು ಒಂದು ಕಡೆ ಎಳೆಯುತ್ತಿದ್ದರೆ ಮುಂದಿನ ಎಡ–ಬಲ ಚಕ್ರ ಅದಲುಬದಲು ಮಾಡಿ. ತಿರುಗುವ ದಿಕ್ಕಿನ ಬಾಣ ಇರುವ ಟೈರಿಗೆ ಇದು ಬೇಡ. ಎಳೆತವೂ ಕಡೆ ಬದಲಿಸಿದರೆ ದೋಷ ಟೈರಿನದು, ಇಲ್ಲದಿದ್ದರೆ ಅಲೈನ್‌ಮೆಂಟ್ ಅಥವಾ ಬ್ರೇಕ್.

ಕ್ಲೇಮಿಗೆ ಹೋಗುವ ಮುನ್ನ ಟೈರನ್ನು ಡಿಸ್ಕಿನಿಂದ ಬಿಡಿಸಿ ಒಳಗೆ ಟಾರ್ಚ್ ಹಾಕಿ. ಸೈಡ್‌ವಾಲಿನ ಒಳಮೈಯಲ್ಲಿ ಸುತ್ತಲೂ ಬೂದು ಬಣ್ಣದ ಉಜ್ಜಿದ ಪಟ್ಟೆ, ಬೆರಳಿಗೆ ಅಂಟುವ ಕಪ್ಪು ರಬ್ಬರ್ ಪುಡಿ ಇದ್ದರೆ ಗಾಳಿ ಇಲ್ಲದೆ ಓಡಿಸಿದ ಗುರುತು. ಕಂಪನಿಯ ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ಅದನ್ನು. ಅದಿಲ್ಲದಿದ್ದರೆ ಧೈರ್ಯವಾಗಿ ಹೋಗಿ. ಬಿಲ್, ಸೈಡ್‌ವಾಲಿನ ಸೀರಿಯಲ್ ನಂಬರ್, ವಾರ–ವರ್ಷದ ನಾಲ್ಕು ಅಂಕಿ (2323 ಅಂದರೆ 2023ರ 23ನೇ ವಾರ), ಓಡೋಮೀಟರ್, ನಿಮ್ಮ ಒಂಬತ್ತು ಅಳತೆ, ಅಲೈನ್‌ಮೆಂಟ್ ಪ್ರಿಂಟ್, ಇಷ್ಟರ ಫೋಟೊ ಇಟ್ಟುಕೊಳ್ಳಿ. ಹೊಸ ಕಾರಿನ ಜೊತೆ ಬಂದ ಟೈರಿಗೂ ವಾರಂಟಿ ಸಾಮಾನ್ಯವಾಗಿ ಟೈರ್ ಕಂಪನಿಯದ್ದೇ.

ಒಪ್ಪಿದರೆ ಪೂರ್ತಿ ಬೆಲೆ ಸಿಗುವುದಿಲ್ಲ, ಉಳಿದ ಟ್ರೆಡ್‌ಗೆ ತಕ್ಕಷ್ಟು ಮಾತ್ರ. 8 ಮಿ.ಮೀ.ನಲ್ಲಿ ಬಳಸಲು ಬರುವುದು 6.4. ಈಗ 5 ಇದ್ದರೆ ಉಳಿದದ್ದು 3.4, ಅಂದರೆ ಸುಮಾರು ಶೇ. 53. ಕೆಲವು ಕಂಪನಿಗಳ ಸೂತ್ರ ಬೇರೆ, ವಾರಂಟಿ ಕಾರ್ಡ್ ಓದಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಟೈರನ್ನು ವಾಪಸ್ ತನ್ನಿ. "ರೋಡ್ ಹಜಾರ್ಡ್" (ರಸ್ತೆಯಲ್ಲಿ ಬಿದ್ದ ಪೆಟ್ಟು) ಎಂಬ ಎರಡು ಪದ ಕಾರಣವಲ್ಲ. ಪೆಟ್ಟು ಎಲ್ಲಿ ಬಿದ್ದಿದೆ ಎಂದು ತೋರಿಸಬೇಕು. ಅಲ್ಲಿಗೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂತರ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಟೈರನ್ನು ಮಾತ್ರ ಪ್ರಕರಣ ಮುಗಿಯುವವರೆಗೆ ಗುಜರಿಗೆ ಹಾಕದೆ, ಬಿಸಿಲು ಬೀಳದ ಕಡೆ ಚಾಕ್ ಗುರುತಿನ ಸಮೇತ ಎತ್ತಿಡಿ.