ಹಳೆಯ ಕಾರಿನ ಬ್ಯಾಟರಿ ಸೊರಗಿದಾಗ

ಕೋಲಾರದ ಕಡೆ ಮನೆಯ ಶೆಡ್ಡಿನಲ್ಲಿ ನಿಂತಿರುವ ಅಂಬಾಸಿಡರ್ ಅಥವಾ ಪದ್ಮಿನಿ, ಮದುವೆಗೆಂದು ಹೊರತೆಗೆದ ದಿನ ಸೆಲ್ಫ್ (ಎಂಜಿನ್ ಚಾಲೂ ಮಾಡುವ ಮೋಟಾರ್) ಎಳೆಯದೆ ನರಳಿದರೆ, ಮಾಲೀಕರು ನೇರವಾಗಿ ಹೊಸ ಬ್ಯಾಟರಿ ತರಲು ಹೊರಡುತ್ತಾರೆ. ಅದಕ್ಕೆ ಮೊದಲು ಮಲ್ಟಿಮೀಟರ್ ಹಿಡಿದು ಪರೀಕ್ಷಿಸುವುದು ಒಳ್ಳೆಯದು. ಇಂತಹ ಕಾರುಗಳಲ್ಲಿ ಬ್ಯಾಟರಿಗಿಂತ ಅದರ ಸುತ್ತಲಿನ ವ್ಯವಸ್ಥೆ ಕೆಟ್ಟಿರುವುದೇ ಹೆಚ್ಚೆಂದು ನನ್ನ ಅಭಿಪ್ರಾಯ.

ರಾತ್ರಿಯಿಡೀ ನಿಂತ ಕಾರಿನಲ್ಲಿ, 12 ವೋಲ್ಟಿನ ಬ್ಯಾಟರಿ ಪೂರ್ಣ ಚಾರ್ಜಿನಲ್ಲಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಇದ್ದರೆ ಸುಮಾರು ಅರ್ಧದಷ್ಟು ಖಾಲಿಯಾಗಿದೆ. ಪೂರ್ಣ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನೇ ಶಂಕಿಸಬಹುದು. ಬ್ಯಾಟರಿಯ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಒಳಗಿನ ಆರು ಸೆಲ್‌ಗಳನ್ನೂ ಅಳೆಯಿರಿ. ಒಂದು ಸೆಲ್ ಉಳಿದವುಗಳಿಗಿಂತ 0.050ರಷ್ಟು ಹಿಂದಿದ್ದರೆ ಅದು ಸತ್ತಂತೆಯೇ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಲವಣ ತುಂಬಿದ ನಮ್ಮ ಬೋರ್‌ವೆಲ್ ನೀರು ಪ್ಲೇಟುಗಳನ್ನು ಹಾಳು ಮಾಡುತ್ತದೆ.

ವೋಲ್ಟೇಜ್ ಸರಿಯಿದ್ದೂ ಸೆಲ್ಫ್ ನಿಧಾನವಾಗಿ ತಿರುಗಿದರೆ ಬ್ಯಾಟರಿಯನ್ನು ಕಾರಿನ ಲೋಹಕ್ಕೆ ಜೋಡಿಸುವ ಅರ್ಥಿಂಗ್ ಪಟ್ಟಿಯನ್ನು ನೋಡಿ. ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೂ ಎಂಜಿನ್ನಿನ ಲೋಹಕ್ಕೂ ಮೀಟರ್ ಇಟ್ಟು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ, ತುಕ್ಕು ಅಥವಾ ಬಣ್ಣ ಕರೆಂಟಿಗೆ ಅಡ್ಡವಾಗಿದೆ ಎಂದರ್ಥ. ಟರ್ಮಿನಲ್‌ಗಳ ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ.

ಇನ್ನು, ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೊ. ಅದರ ಬದಲು ನಂತರ ಬಂದ ಆಲ್ಟರ್ನೇಟರ್ ಇಲ್ಲದ ಹಳೆಯ ಕಾರುಗಳಲ್ಲಿ ಎಂಜಿನ್ ನಿಧಾನವಾಗಿ ಓಡುವಾಗ ಚಾರ್ಜ್ ಬಹುತೇಕ ಆಗುವುದಿಲ್ಲ. ಪೇಟೆಯೊಳಗೆ ದಿನವೂ ಹೆಡ್‌ಲೈಟ್ ಹಾಕಿ ತೆವಳುವ ಕಾರಿಗೆ ಬ್ಯಾಟರಿ ತುಂಬಿಕೊಳ್ಳಲು ಅವಕಾಶವೇ ಇರದು, ಮುಳಬಾಗಿಲಿನವರೆಗೆ ಹೆದ್ದಾರಿಯಲ್ಲಿ ಓಡಿದರೆ ಇರುತ್ತದೆ. ವೇಗ ಕೊಟ್ಟಾಗಲೂ ವೋಲ್ಟೇಜ್ 13.5ರ ಸುತ್ತಮುತ್ತ ಏರದಿದ್ದರೆ ಬೆಲ್ಟ್, ಕಾರ್ಬನ್ ಬ್ರಷ್, ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಪರೀಕ್ಷಿಸಿ. ಅಲ್ಲಿಯೇ ಇರುವ, ಎಂಜಿನ್ ನಿಂತಾಗ ಬ್ಯಾಟರಿಯಿಂದ ಡೈನಮೊವನ್ನು ಬೇರ್ಪಡಿಸುವ ಕಟ್‌ಔಟ್‌ನ ಪಾಯಿಂಟುಗಳು ಅಂಟಿಕೊಂಡಿದ್ದರೆ, ಎಂಜಿನ್ ನಿಂತ ಮೇಲೆ ಬ್ಯಾಟರಿ ಡೈನಮೊಗೇ ಹರಿದು ಬೆಳಗಾಗುವುದರೊಳಗೆ ಬರಿದಾಗುತ್ತದೆ, ವೈರಿಂಗ್ ಕೂಡ ಸುಡಬಹುದು. ಕರೆಂಟ್ ಸೋರಿಕೆ ಇದೆಯೇ ಎಂದು ತಿಳಿಯಲು, ಎಲ್ಲ ಸ್ವಿಚ್ ಆಫ್ ಮಾಡಿ, ಅರ್ಥ್ ಕೇಬಲ್ ಬಿಚ್ಚಿ, ಟರ್ಮಿನಲ್‌ಗೂ ಕೇಬಲ್‌ಗೂ ನಡುವೆ ಸಣ್ಣ ಬಲ್ಬ್ ಜೋಡಿಸಿ. ಅದು ಬೆಳಗಿದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹುಡುಕಬೇಕು.

ಚಾರ್ಜರ್ ಜೋಡಿಸುವ ಮುನ್ನ ಬ್ಯಾಟರಿ 6 ವೋಲ್ಟಿನದೋ 12ರದೋ ಎಂದು ಖಚಿತಪಡಿಸಿಕೊಳ್ಳಿ. ಬ್ರಿಟನ್ನಿನ ಅನೇಕ ಹಳೆಯ ಕಾರುಗಳಲ್ಲಿ ಪಾಸಿಟಿವ್ ಟರ್ಮಿನಲ್ಲೇ ಕಾರಿನ ಲೋಹದ ಮೈಗೆ ಅರ್ಥ್ ಆಗಿರುವುದರಿಂದ ಕೇಬಲ್ಲಿನ ಬಣ್ಣವನ್ನು ನಂಬದೆ, ಬ್ಯಾಟರಿಯ ಮೇಲಿನ ಗುರುತನ್ನೇ ನೋಡಿ. 60 ಆಂಪಿಯರ್-ಅವರ್ ಬ್ಯಾಟರಿಗೆ 6 ಆಂಪಿಯರ್‌ನ ನಿಧಾನ ಚಾರ್ಜ್ ಸಾಕು; ಆಗ ಹೈಡ್ರೋಜನ್ ಹೊರಬರುವುದರಿಂದ ಶೆಡ್ಡಿನ ಬಾಗಿಲು ತೆರೆದಿರಲಿ, ಬೀಡಿ ಹತ್ತಿರ ಸುಳಿಯದಿರಲಿ.