ದಾವಣಗೆರೆ–ದುರ್ಗ ದಿನಾ 350 ಸಿಸಿಯಲ್ಲಿ: ಸೊಂಟವೂ ಉಳಿಯಿತು, ಪೆಟ್ರೋಲೂ ಉಳಿಯಿತು

350 ಸಿಸಿ ಬೈಕಿನಲ್ಲಿ ದಾವಣಗೆರೆಯಿಂದ ದಿನಾ ಚಿತ್ರದುರ್ಗಕ್ಕೆ ಹೋಗಿ ಬರುತ್ತೇನೆ ಅಂದಾಗ ಆಫೀಸಿನಲ್ಲಿ ನಕ್ಕವರೇ ಜಾಸ್ತಿ. ‘ಅರ್ಧ ಸಂಬಳ ಪೆಟ್ರೋಲಿಗೆ, ಇನ್ನರ್ಧ ಸೊಂಟದ ಡಾಕ್ಟರಿಗೆ’ ಅಂದರು. ಅವರಲ್ಲೊಬ್ಬರು ಈಗ ಅದೇ ಗಾಡಿ ಬುಕ್ ಮಾಡಿದ್ದಾರೆ.

ಹೋಗಿ ಬಂದು ಹತ್ತಿರ ಹತ್ತಿರ 120 ಕಿಮೀ. ಗಾಡಿ ಕ್ರೂಸರ್, ಎಂಜಿನ್ ಶಕ್ತಿ 20 ಬಿಎಚ್‌ಪಿ, ತೂಕ 190 ಕೆಜಿ ಆಸುಪಾಸು. ಶುರುವಿನಲ್ಲಿ ಮೈಲೇಜ್ ಲೀಟರಿಗೆ 32 ಕಿಮೀ ದಾಟುತ್ತಿರಲಿಲ್ಲ. ಒಂಟಿ ಸಿಲಿಂಡರ್, ವೇಗ 90 ದಾಟಿದರೆ ಹ್ಯಾಂಡಲ್ ಜುಮ್ ಅನ್ನುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡು ಕಾಣುತ್ತದೆ. ಟಾಪ್ ಗೇರಿನಲ್ಲಿ 75–80ರ ವೇಗಕ್ಕೆ ನಿಂತ ಮೇಲೆ ಮೈಲೇಜ್ 38, ಒಮ್ಮೊಮ್ಮೆ 40. ಮನೆ ಸೇರುವುದು ಹತ್ತು ನಿಮಿಷ ತಡ, ಅಷ್ಟೇ. ತಿಂಗಳಿಗೆ ಸಾವಿರದ ಐನೂರರ ಮೇಲೆ ಉಳಿಯುತ್ತದೆ. ನಡುವೆ ಪ್ರೀಮಿಯಂ ಪೆಟ್ರೋಲ್ ಕೂಡ ಹಾಕಿ ನೋಡಿದೆ, ಜೇಬು ಹಗುರಾಯಿತು, ಬೇರೇನೂ ಬದಲಾಗಲಿಲ್ಲ.

ಲೆಕ್ಕ ಕೆಡಿಸುವುದು ಗಾಳಿ. ದುರ್ಗದ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನೆಟ್ಟಿಲ್ಲ, ಅಲ್ವಾ? ಆಷಾಢದ ಸಂಜೆ ಭರಮಸಾಗರದ ಕಡೆ ಬರುವಾಗ ಗಾಳಿ ಎಡಗಡೆಯಿಂದ ಹೊಡೆಯುತ್ತದೆ. ಲಾರಿ ಓವರ್‌ಟೇಕ್ ಮಾಡುವಾಗ ಅದರ ಮರೆಯಲ್ಲಿ ಎಲ್ಲ ಶಾಂತ, ಮುಂದೆ ಬಂದ ಕೂಡಲೇ ಗಾಡಿಯನ್ನು ಬಲಕ್ಕೆ ತಳ್ಳುತ್ತದೆ. ಅಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ, ಭುಜ ಸಡಿಲ ಬಿಟ್ಟು ಎಡಕ್ಕೆ ಸ್ವಲ್ಪ ವಾಲಿದರೆ ಸಾಕು. ಎರಡೂವರೆ ಸಾವಿರ ಕೊಟ್ಟು ಎತ್ತರದ ವಿಂಡ್‌ಶೀಲ್ಡ್ ಹಾಕಿಸಿದೆ. ಎದೆಗೆ ಗಾಳಿ ನಿಂತಿತು, ಹೆಲ್ಮೆಟ್ ಒಳಗೆ ಧಡಧಡ ಶುರುವಾಯಿತು. ವಿಂಡ್‌ಶೀಲ್ಡನ್ನು ಮೇಲಿಂದ ನಾಲ್ಕು ಬೆರಳಷ್ಟು ಕತ್ತರಿಸಿದ ಮೇಲೆ ಸರಿಹೋಯಿತು.

ಸೊಂಟದ ಕಥೆ ಬೇರೆ. ಕಾಲು ಮುಂದೆ ಚಾಚಿ ಕೂರುವ ಗಾಡಿ, ಭಾರವೆಲ್ಲ ಬೆನ್ನುಮೂಳೆಯ ತುದಿಗೆ. ಮೊದಲು ಸೀಟಿಗೆ ಜೆಲ್ ಕವರ್ ತಂದೆ, ಸಾವಿರಕ್ಕೂ ಮೇಲೆ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿ ಬಂದು ಕೂತರೆ ಬೆಣ್ಣೆ ದೋಸೆ ಕಾವಲಿ! ಆಮೇಲೆ ಊರಲ್ಲೇ ಒಬ್ಬ ಸೀಟಿನವನ ಹತ್ತಿರ ಮೆತ್ತನೆ ಫೋಮ್ ತುಂಬಿಸಿದೆ, ತಿಂಗಳಲ್ಲಿ ಕುಸಿದು ಮೊದಲಿಗಿಂತ ಕೆಟ್ಟಿತು. ‘ಇನ್ನೂ ಮೆತ್ತಗೆ ಮಾಡೋಣ ಸಾರ್’ ಅಂದ ಅವನು. ನಾನು ಉಲ್ಟಾ ಹೋದೆ. ಕೆಳಗೆ ಗಟ್ಟಿ ರೀಬಾಂಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ್ದು), ಮೇಲೆ ತೆಳು ಮೆತ್ತನೆ ಪದರ. ಸೊಂಟ ಉಳಿದದ್ದು ಇದರಿಂದ. ಹಿಂದೆ ಎಷ್ಟು ಕೊರೆಸಿದೆ, ಮುಂದೆ ಎಷ್ಟು ಎತ್ತಿಸಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ ನಾನು ಚೆನ್ನಾಗಿ ದುಡ್ಡು ಸುರಿದಿದ್ದೇನೆ. ಒಬ್ಬನೇ ಹೋಗುವಾಗ ಹಿಂದಿನ ಶಾಕ್ ಅಬ್ಸಾರ್ಬರ್ ಒಂದು ಹಂತ ಸಡಿಲ. ಹೆಂಡತಿ ಕೂತರೆ ಎರಡು ಹಂತ ಬಿಗಿ, ಹಿಂದಿನ ಟೈರಿಗೆ ಗಾಳಿಯೂ ಜಾಸ್ತಿ.

ಊರೊಳಗೆ, ಪಿ.ಬಿ. ರಸ್ತೆಯ ಟ್ರಾಫಿಕ್ಕಿನಲ್ಲಿ, ತೂಕ ಗೊತ್ತಾಗುತ್ತದೆ. ಮೀನಖಂಡಕ್ಕೆ ಬಿಸಿಯೂ ತಾಗುತ್ತದೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ, ದಪ್ಪ ಪ್ಯಾಂಟ್ ಹಾಕಿ.

ಭಾನುವಾರ ಸೂಳೆಕೆರೆಗೋ ಹಿರಿಯೂರಿನಾಚೆ ವಾಣಿ ವಿಲಾಸ ಸಾಗರಕ್ಕೋ ಇಬ್ಬರೂ ಹೋಗುತ್ತೇವೆ. ಎರಡು ಬ್ಯಾಗ್ ಕಟ್ಟಿದರೆ ಏರಿನಲ್ಲಿ ಐದನೇ ಗೇರ್ ಎಳೆಯುವುದಿಲ್ಲ, ನಾಲ್ಕಕ್ಕೆ ಇಳಿಸಬೇಕು. ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಎಳೆಯುವ ಹಲ್ಲುಚಕ್ರ, ಒಂದು ಹಲ್ಲು ಕಡಿಮೆ ಮಾಡಿ ನೋಡುವ ಆಸೆ ಇದೆ, ಆದರೆ ಮೈಲೇಜ್ ಬೀಳುತ್ತದೆ ಅಂತ ಸುಮ್ಮನಿದ್ದೇನೆ.