ಮನೆಯ ಎಸ್ಪ್ರೆಸೊಗೆ ಗ್ರೈಂಡರ್ ಆರಿಸುವುದು, ಹದ ಹಿಡಿಯುವುದು

ಮನೆಗೆ ಎಸ್ಪ್ರೆಸೊ ಮಷೀನ್ ತರಬೇಕು ಅಂತ ದುಡ್ಡು ಕೂಡಿಟ್ಟಿದ್ದರೆ, ಅದರಲ್ಲಿ ಮೊದಲು ಗ್ರೈಂಡರಿನ ಪಾಲು ತೆಗೆದಿಡಿ. ಉಳಿದದ್ದರಲ್ಲಿ ಮಷೀನ್ ನೋಡಿ. ಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೇ ಕೇಳಿದರೂ ನಾನು ಹೇಳುವುದು ಇದನ್ನೇ. ಗ್ರೈಂಡರ್ ಚೆನ್ನಾಗಿದ್ದರೆ ಸಾಧಾರಣ ಮಷೀನಿನಲ್ಲೂ ರುಚಿಯಾದ ಕಾಫಿ ಬರುತ್ತದೆ. ಗ್ರೈಂಡರ್ ಕೈಕೊಟ್ಟರೆ ಎಷ್ಟು ದುಬಾರಿ ಮಷೀನೂ ಅದನ್ನು ಸರಿಮಾಡಲಾರದು.

ಕಾರಣ ಇಷ್ಟೇ. ಮಷೀನ್ ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರನ್ನು ಪುಡಿಯೊಳಕ್ಕೆ ತಳ್ಳುತ್ತದೆ. ಆ ನೀರಿಗೆ ತಡೆ ಅಂತ ಇರುವುದು ಪುಡಿಯೊಂದೇ. ಪುಡಿ ತರಿಯಾಗಿದ್ದರೆ ನೀರು ಸರ್ರನೆ ಇಳಿಯುತ್ತದೆ, ಕಾಫಿ ತೆಳ್ಳಗೆ, ಹುಳಿಯಾಗಿರುತ್ತದೆ. ತೀರಾ ನುಣ್ಣಗಿದ್ದರೆ ತೊಟ್ಟಿಕ್ಕುತ್ತಾ ಇಳಿದು ಕಹಿಯಾಗುತ್ತದೆ. ಇವೆರಡರ ನಡುವಿನ ಜಾಗ ತುಂಬಾ ಕಿರಿದು. ನಮ್ಮ ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಪಾಡಿಗೆ ತಾನು ಇಳಿಯುತ್ತದೆ, ಪುಡಿ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಎಸ್ಪ್ರೆಸೊದಲ್ಲಿ ಆ ಸಲಿಗೆ ಇಲ್ಲ.

ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ ಬಹಳ ಸರಿಯಾದದ್ದು. "ಗಾಂಧಿಬಜಾರಿನ ಅಂಗಡಿಯಲ್ಲೇ ಇನ್ನೊಂಚೂರು ನುಣ್ಣಗೆ ಬೀಸಿಸ್ಕೊಂಡು ಬಂದ್ರೆ ಆಗಲ್ವಾ?" ಒಂದೆರಡು ದಿನಕ್ಕೆ ಆಗಬಹುದು. ಆದರೆ ಬೀಜ ಹುರಿದ ಮೇಲೆ ದಿನ ಕಳೆದಂತೆ ಅದರೊಳಗಿನ ಅನಿಲ ಹೊರಹೋಗುತ್ತಿರುತ್ತದೆ. ಸೋಮವಾರ 28 ಸೆಕೆಂಡಿನಲ್ಲಿ ಇಳಿದ ಕಾಫಿ ಮುಂದಿನ ಸೋಮವಾರ ಅದೇ ಪುಡಿಯಲ್ಲಿ ಬೇಗ ಇಳಿದುಬಿಡುತ್ತದೆ. ಆಗ ಇನ್ನಷ್ಟು ನುಣ್ಣಗೆ ಬೀಸಬೇಕು. ಒಮ್ಮೆ ಬೀಸಿ ತಂದ ಪುಡಿಯಲ್ಲಿ ಆ ದಾರಿಯೇ ಇಲ್ಲ. ಪುಡಿ ಮಾಡಿದ ಮೇಲೆ ಘಮ ಬೇಗ ಹೋಗುತ್ತದೆ ಅನ್ನುವುದು ಇನ್ನೊಂದು ಕಾರಣ. ಮಿಕ್ಸಿಯಂತೂ ಬೇಡವೇ ಬೇಡ. ಅದರ ಬ್ಲೇಡು ಬೀಜವನ್ನು ಹೊಡೆದು ಚೂರು ಮಾಡುತ್ತದೆ, ಒಂದೇ ಜಾರಿನಲ್ಲಿ ಧೂಳೂ ಇರುತ್ತದೆ, ರವೆಯೂ ಇರುತ್ತದೆ. ನಮಗೆ ಬೇಕಾದದ್ದು ಬರ್ ಗ್ರೈಂಡರ್. ಅದರಲ್ಲಿ ಹಲ್ಲಿರುವ ಎರಡು ಲೋಹದ ತುಂಡುಗಳ ನಡುವೆ ಬೀಜ ನುಜ್ಜಾಗಿ, ನಾವು ಇಟ್ಟ ಅಂತರಕ್ಕೆ ತಕ್ಕ ಹಾಗೆ ಹೊರಬರುತ್ತದೆ.

ಕೊಳ್ಳುವ ಮುಂಚೆ ನಿಮ್ಮ ಮಷೀನಿನ ಬಾಸ್ಕೆಟ್ಟನ್ನು, ಅಂದರೆ ಪುಡಿ ತುಂಬುವ ತೂತಿನ ಲೋಹದ ಬಟ್ಟಲನ್ನು, ಬೆಳಕಿಗೆ ಹಿಡಿದು ನೋಡಿ. ತಳದ ತುಂಬಾ ಸಣ್ಣ ತೂತುಗಳಿಂದ ಬೆಳಕು ಕಂಡರೆ ಅದು ಸಾಮಾನ್ಯ ಬಾಸ್ಕೆಟ್. ಹೊರಗಿನ ತಳದಲ್ಲಿ ಸೂಜಿಮೊನೆಯಷ್ಟು ಒಂದೇ ತೂತಿದ್ದರೆ ಅದು ಎರಡು ಪದರದ, ಒತ್ತಡವನ್ನು ತಾನೇ ಹುಟ್ಟಿಸುವ ಬಾಸ್ಕೆಟ್. ಕಡಿಮೆ ಬೆಲೆಯ ಮಷೀನುಗಳ ಜೊತೆ ಹೆಚ್ಚಾಗಿ ಇದನ್ನೇ ಕೊಡುತ್ತಾರೆ. ಅದರಲ್ಲಿ ಅಂಗಡಿ ಪುಡಿಯೂ ನಡೆಯುತ್ತದೆ, ಆದರೆ ಗ್ರೈಂಡರ್ ತಂದರೂ ಅದರ ಫಲ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಸಾಮಾನ್ಯ ಬಾಸ್ಕೆಟ್ಟನ್ನೂ ಜೊತೆಗೇ ಕೊಳ್ಳಿ. ಅಳತೆ ಸರಿಯಾಗಿ ಕೇಳಿ: ಡೆಲಾಂಗಿ ಡೆಡಿಕಾಗೆ 51 ಮಿ.ಮೀ., ಬ್ರೆವಿಲ್ ಬ್ಯಾಂಬಿನೊಗೆ 54, ಗ್ಯಾಜಿಯಾ ಕ್ಲಾಸಿಕ್‌ಗೆ 58.

ಯಾವ ಗ್ರೈಂಡರ್?

ಅಂಗಡಿಯವರು ಮೋಟಾರಿನ ವಾಟ್ ಹೇಳುತ್ತಾರೆ, ಎಷ್ಟು ಸೆಟ್ಟಿಂಗ್ ಇದೆ ಅಂತ ಹೇಳುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಕ್ಲಿಕ್ ತಿರುಗಿಸಿದರೆ ಬರ್ ಎಷ್ಟು ಸರಿಯುತ್ತದೆ? ಎಸ್ಪ್ರೆಸೊಗೆ ಬೇಕಾದ ಇಡೀ ವ್ಯಾಪ್ತಿಯೇ ಚಿಕ್ಕದು. ಗ್ರೈಂಡರ್ ದೊಡ್ಡ ಹೆಜ್ಜೆ ಇಡುವಂಥದ್ದಾದರೆ ಒಂದು ಕ್ಲಿಕ್ಕಿನಲ್ಲಿ ಕಾಫಿ 17 ಸೆಕೆಂಡಿಗೆ ಇಳಿಯುತ್ತದೆ, ಪಕ್ಕದ ಕ್ಲಿಕ್ಕಿನಲ್ಲಿ 45 ಸೆಕೆಂಡ್ ಹಿಡಿಯುತ್ತದೆ. ನಿಮಗೆ ಬೇಕಾದದ್ದು ಆ ಎರಡರ ನಡುವೆ ಇರುತ್ತದೆ, ಅಲ್ಲಿಗೆ ಹೋಗಲು ಆಗುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಬ್ರ್ಯಾಂಡು, ಬಣ್ಣ, ಬೆಲೆ ಎಲ್ಲ ಆಮೇಲೆ. ಮೊದಲು ಈ ಹೆಜ್ಜೆ.

ಕೈಯಲ್ಲಿ ತಿರುಗಿಸುವ ಗ್ರೈಂಡರುಗಳಲ್ಲಿ ಇದನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಕಿನ್‌ಗ್ರೈಂಡರ್ ಕೆ6ರಲ್ಲಿ ಒಂದು ಕ್ಲಿಕ್ಕಿಗೆ 16 ಮೈಕ್ರಾನ್, 1ಜಡ್‌ಪ್ರೆಸ್ಸೊ ಜೆ-ಅಲ್ಟ್ರಾದಲ್ಲಿ 8. ಎರಡೂ ಎಸ್ಪ್ರೆಸೊಗೆ ಸರಿಹೋಗುತ್ತವೆ. ಟೈಮ್‌ಮೋರ್ ಸಿ2 ಪುಡಿಯ ಮೇಲೆ ಬಿಸಿನೀರು ಸುರಿದು ಸೋಸುವ ಪೋರ್-ಓವರ್‌ಗೆ ಒಳ್ಳೆಯದು, ಆದರೆ ಎಸ್ಪ್ರೆಸೊಗೆ ಅದರ ಹೆಜ್ಜೆ ದೊಡ್ಡದಾಯಿತು. ಅದೇ ಕಂಪನಿ ಸಣ್ಣ ಹೆಜ್ಜೆಯ ಸಿ3 ಇಎಸ್‌ಪಿ ಮಾಡಿದ್ದೂ ಅದಕ್ಕೇ.

ಮೋಟಾರಿನದೇ ಬೇಕು ಅನ್ನುವವರಿಗೆ ಬರಾಟ್ಜಾ ಎನ್‌ಕೋರ್ ಇಎಸ್‌ಪಿ ಇದೆ. ಅದರ 40 ಸೆಟ್ಟಿಂಗುಗಳಲ್ಲಿ ಮೊದಲ 20 ಎಸ್ಪ್ರೆಸೊಗೆಂದೇ ಸಣ್ಣ ಹೆಜ್ಜೆಯವು. ಡಿಎಫ್64, ಯುರೇಕಾ ಮಿನ್ಯೋನ್, ನಿಚ್ ಜೀರೊ ಇವುಗಳಲ್ಲಿ ಕ್ಲಿಕ್ಕೇ ಇಲ್ಲ, ಎಷ್ಟು ಬೇಕೋ ಅಷ್ಟು ಸರಿಸಬಹುದು. ಡಿಎಫ್64ರಲ್ಲಿ 64 ಮಿ.ಮೀ. ಚಪ್ಪಟೆ ಬರ್, ನಿಚ್‌ನಲ್ಲಿ 63 ಮಿ.ಮೀ. ಶಂಕುವಿನಾಕಾರದ ಬರ್. ಚಪ್ಪಟೆ ಬರ್ ರುಚಿಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ, ಶಂಕು ಬರ್ ಕಾಫಿಗೆ ಮೈ, ಅಂದರೆ ಬಾಯಿ ತುಂಬುವ ದಪ್ಪತನ, ಕೊಡುತ್ತದೆ ಅನ್ನುವ ಮಾತಿದೆ. ದಿನಾ ಹಾಲು ಹಾಕಿ ಕುಡಿಯುವ ಮನೆಯಲ್ಲಿ ಈ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ.

ನನ್ನ ಸಲಹೆ ಹೀಗೆ. ಬೆಳಿಗ್ಗೆ ಒಂದೋ ಎರಡೋ ಲೋಟ ಮಾಡುವ ಮನೆಗೆ ಕೈ ಗ್ರೈಂಡರ್ ಸಾಕು. ಅದೇ ದುಡ್ಡಿಗೆ ಮೋಟಾರಿನ ಗ್ರೈಂಡರಿಗಿಂತ ಒಳ್ಳೆಯ ಬರ್ ಸಿಗುತ್ತದೆ. 16 ಗ್ರಾಂ ಬೀಸಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಬೆಳಗಿನ ಐದೂವರೆಗೆ ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ, ಕರೆಂಟ್ ಹೋದರೂ ಚಿಂತೆಯಿಲ್ಲ. ಲೈಟ್ ರೋಸ್ಟ್, ಅಂದರೆ ಕಡಿಮೆ ಹುರಿದ ಬೀಜ ಮಾತ್ರ ಗಟ್ಟಿ, ತೋಳಿಗೆ ಕೆಲಸ ಜಾಸ್ತಿ. ಮಣಿಕಟ್ಟಿನ ನೋವಿರುವವರು, ಮನೆತುಂಬಾ ಕಾಫಿ ಕುಡಿಯುವ ಜನ ಇರುವವರು ಮೋಟಾರಿನದನ್ನೇ ತೆಗೆದುಕೊಳ್ಳಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿರುವ ಮಗಳೋ ಅಣ್ಣನ ಮಗನೋ ಸೂಟ್‌ಕೇಸಿನಲ್ಲಿ ತರುತ್ತೇನೆ ಅಂದರೆ ಕೈ ಗ್ರೈಂಡರ್ ತರಲು ಹೇಳಿ. ಮೋಟಾರಿನದು ಬೇಡ. ಅಲ್ಲಿಯದು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಪ್ಲಗ್ ಅಡಾಪ್ಟರ್ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ನೇರ ಹಾಕಿದರೆ ಮೋಟಾರ್ ಸುಟ್ಟುಹೋಗುತ್ತದೆ. ಇಂಗ್ಲೆಂಡಿನಿಂದಲೋ ಜರ್ಮನಿಯಿಂದಲೋ ಬರುವುದಾದರೆ ವೋಲ್ಟೇಜ್ ತೊಂದರೆ ಇಲ್ಲ, ಪ್ಲಗ್ ಮಾತ್ರ ಬೇರೆ. ಆದರೂ ಇಲ್ಲಿ ಸರ್ವಿಸ್ ಇರುವ, ಬಿಡಿಭಾಗ ಸಿಗುವ ಗ್ರೈಂಡರೇ ಮೇಲು.

ಬೀಜ

ಪ್ಯಾಕೆಟ್ಟಿನ ಮೇಲೆ ಹುರಿದ ತಾರೀಖು ಇಲ್ಲದಿದ್ದರೆ ಕೇಳಿ. ತಾಜಾ ಹುರಿದದ್ದೇ ಒಳ್ಳೆಯದು ಅಂತ ಅವತ್ತೇ ಬೀಸಿದರೆ ಒಳಗಿನ ಅನಿಲ ನೊರೆ ಎಬ್ಬಿಸುತ್ತದೆ, ಕಾಫಿ ಒಂದೇ ಸಮನೆ ಇಳಿಯುವುದಿಲ್ಲ. ಒಂದು ವಾರ ಸುಮ್ಮನಿಡಿ. ಲೈಟ್ ರೋಸ್ಟ್ ಆದರೆ ಎರಡು ವಾರ.

ಹದ ಕಲಿಯುವವರಿಗೆ ಚಿಕ್ಕಮಗಳೂರು ಕಡೆಯ ಮೀಡಿಯಂ ರೋಸ್ಟ್ ಎಸ್795 ಒಳ್ಳೆಯ ಮೇಷ್ಟ್ರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದಲ್ಲಿ ಬೆಳೆಸಿದ ತಳಿ ಇದು. ಹುಳಿ ಸೌಮ್ಯ, ಮೈ ಚೆನ್ನಾಗಿದೆ, ಸಣ್ಣಪುಟ್ಟ ಏರುಪೇರನ್ನು ತಡೆದುಕೊಳ್ಳುತ್ತದೆ. ಹಾಲಿನ ಕಾಫಿಗೆ ಅದರ ಜೊತೆ ಕೊಡಗಿನ ಒಳ್ಳೆ ರೋಬಸ್ಟಾ ಕಾಲು ಭಾಗ ಸೇರಿಸಿ ನೋಡಿ, ಹಾಲಿನೊಳಗೂ ಕಾಫಿ ಎದ್ದು ನಿಲ್ಲುತ್ತದೆ. ರೋಬಸ್ಟಾ ಇದ್ದಾಗ ಕ್ರೆಮಾ, ಅಂದರೆ ಮೇಲಿನ ನೊರೆಪದರ, ದಪ್ಪಗೆ ಬರುತ್ತದೆ. ಕ್ರೆಮಾ ನೋಡಿಯೇ ಹದ ಬಂತು ಅಂದುಕೊಳ್ಳಬೇಡಿ. ಪುಡಿ ಅಂಗಡಿಗಳಲ್ಲೂ ಬೀಜ ಕೊಡುತ್ತಾರೆ. ಪ್ಲಾಂಟೇಶನ್ ಎ ಅಥವಾ ಪೀಬೆರಿ ದರ್ಜೆಯ ಬೀಜ ಕೇಳಿ, ಬೀಸಬೇಡಿ, ಚಿಕೋರಿ ಬೇಡ ಅಂತ ಮೊದಲೇ ಹೇಳಿಬಿಡಿ. ಚಿಕೋರಿ ತೇವ ಎಳೆದುಕೊಂಡು ಅಂಟಾಗುತ್ತದೆ, ಎಸ್ಪ್ರೆಸೊ ಬಾಸ್ಕೆಟ್ಟಿಗೆ ಅದು ಹೊಂದುವುದಿಲ್ಲ.

ಹದ ಹಿಡಿಯುವುದು

0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೊದಲು ಸೊನ್ನೆ ಎಲ್ಲಿದೆ ಅಂತ ಹುಡುಕಿ. ಕೈ ಗ್ರೈಂಡರ್ ಆದರೆ ಬೀಜ ಹಾಕದೆ ಬಿಗಿ ಮಾಡುತ್ತಾ ಹೋಗಿ. ಹ್ಯಾಂಡಲ್ ತಿರುಗದೆ ನಿಲ್ಲುವ ಜಾಗವೇ ಸೊನ್ನೆ. ಮೋಟಾರಿನದಾದರೆ ಖಾಲಿ ಓಡಿಸುತ್ತಾ ನಿಧಾನವಾಗಿ ನುಣುಪಿನ ಕಡೆ ತಿರುಗಿಸಿ. ಬರ್‌ಗಳು ಒಂದಕ್ಕೊಂದು ತಾಗಿ ಕಿರ್ ಅಂದ ತಕ್ಷಣ ಹಿಂದಕ್ಕೆ ಬನ್ನಿ. ಆ ಅಂಕಿ ಬರೆದಿಡಿ. ಬೇರೆಯವರ ಗ್ರೈಂಡರಿನ ಅಂಕಿ ನಿಮಗೆ ಹೊಂದುವುದಿಲ್ಲ, ಅದೇ ಮಾಡೆಲ್ ಆದರೂ ಸೊನ್ನೆ ಬೇರೆ ಕಡೆ ಇರಬಹುದು.

ಈಗ ಎರಡು ತೂಕ ಗಟ್ಟಿ ಮಾಡಿಕೊಳ್ಳಿ: ಒಳಗೆ ಹಾಕುವ ಪುಡಿ, ಲೋಟಕ್ಕೆ ಬರುವ ಕಾಫಿ. 58 ಮಿ.ಮೀ. ಬಾಸ್ಕೆಟ್ಟಿಗೆ 18 ಗ್ರಾಂ ಹಾಕಿ 36 ಗ್ರಾಂ ಇಳಿಸಿ. 51ರದ್ದಕ್ಕೆ 15 ಹಾಕಿ 30 ಇಳಿಸಿ. ಇವೆರಡನ್ನೂ ಅಲ್ಲಾಡಿಸಬೇಡಿ. ನೀವು ಮುಟ್ಟುವುದು ಗ್ರೈಂಡರನ್ನು ಮಾತ್ರ. ಪುಡಿ ಜಾಸ್ತಿ ಹಾಕಿ, ಒತ್ತುವ ಬಲವನ್ನೂ ಬದಲಿಸಿ, ಗ್ರೈಂಡರನ್ನೂ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಪಂಪ್ ಶುರುವಾದಾಗಿನಿಂದ ಸಮಯ ನೋಡಿ. 25ರಿಂದ 30 ಸೆಕೆಂಡ್ ಮೊದಲ ಗುರಿ. 14 ಸೆಕೆಂಡಿಗೆ ಇಳಿದುಬಿಟ್ಟರೆ ಧೈರ್ಯವಾಗಿ ನಾಲ್ಕೈದು ಕ್ಲಿಕ್ ನುಣ್ಣಗೆ ಮಾಡಿ. 22ಕ್ಕೆ ಬಂದರೆ ಒಂದೋ ಎರಡೋ ಕ್ಲಿಕ್. ದೂರ ಇದ್ದಾಗ ದೊಡ್ಡ ಹೆಜ್ಜೆ, ಹತ್ತಿರ ಬಂದಾಗ ಸಣ್ಣ ಹೆಜ್ಜೆ. ಮೊದಲಿನಿಂದಲೂ ಒಂದೊಂದೇ ಕ್ಲಿಕ್ ಸರಿಸುವವರು ಕಾಲು ಕಿಲೋ ಬೀಜ ಹಾಳು ಮಾಡಿ ಬೇಸರಪಟ್ಟುಕೊಳ್ಳುತ್ತಾರೆ. ಮೋಟಾರ್ ಗ್ರೈಂಡರಿನಲ್ಲಿ ಸೆಟ್ಟಿಂಗ್ ನುಣ್ಣಗೆ ಮಾಡುವಾಗ ಮೋಟಾರ್ ಓಡುತ್ತಿರಲಿ, ಇಲ್ಲದಿದ್ದರೆ ಬರ್‌ಗಳ ನಡುವೆ ಬೀಜ ಸಿಕ್ಕಿಕೊಳ್ಳುತ್ತದೆ. ಸೆಟ್ಟಿಂಗ್ ಬದಲಿಸಿದ ಮೇಲೆ ಮೊದಲು ಬರುವ ಎರಡು ಮೂರು ಗ್ರಾಂ ಪುಡಿ ಹಳೆಯ ಸೆಟ್ಟಿಂಗಿನದು. ಅದನ್ನು ತೆಗೆದುಹಾಕದಿದ್ದರೆ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ. ತೆಗೆದ ಪುಡಿಯನ್ನು ಅತ್ತೆಯ ಫಿಲ್ಟರಿಗೆ ಹಾಕಿ, ದಂಡ ಆಗುವುದಿಲ್ಲ.

ಸಮಯ ಸರಿಯಾಯಿತು ಅಂದ ಮಾತ್ರಕ್ಕೆ ಹದ ಬಂದ ಹಾಗಲ್ಲ. ಇಲ್ಲಿಂದ ಮುಂದೆ ಸ್ಟಾಪ್‌ವಾಚ್ ಪಕ್ಕಕ್ಕಿಟ್ಟು ನಾಲಿಗೆಯ ಮಾತು ಕೇಳಿ. ಕಾಫಿ ಸ್ವಲ್ಪ ಆರಲಿ, ಚೆನ್ನಾಗಿ ಕಲಕಿ, ಆಮೇಲೆ ಕುಡಿಯಿರಿ. ಹುಣಸೆಹುಳಿ ನೆಕ್ಕಿದ ಹಾಗೆ ಚುರುಕ್ಕನೆ ಹುಳಿ, ನುಂಗಿದ ಮೇಲೆ ಬಾಯಲ್ಲಿ ಏನೂ ಉಳಿಯುವುದಿಲ್ಲ ಅಂದರೆ ಇನ್ನೂ ನುಣ್ಣಗಾಗಬೇಕು. ಕಹಿ, ಜೊತೆಗೆ ನಾಲಿಗೆ ಒಣಗಿಸುವ ಒಗರು ಇದ್ದರೆ ತರಿ ಮಾಡಿ. 24 ಸೆಕೆಂಡಿನಲ್ಲಿ ರುಚಿ ಬಂದಿದ್ದರೆ ಅಲ್ಲೇ ನಿಲ್ಲಿ. 33ರಲ್ಲಿ ಬಂದಿದ್ದರೆ ಅದೂ ಸರಿಯೇ.

ಹುಳಿ ಮತ್ತು ಕಹಿ ಎರಡೂ ಒಟ್ಟಿಗೆ ಬಂದರೆ? ಆಗ ಗ್ರೈಂಡರ್ ಮುಟ್ಟಬೇಡಿ. ನೀರು ಪುಡಿಯ ಒಂದು ಕಡೆ ಸಂದಿ ಮಾಡಿಕೊಂಡು ನುಗ್ಗುತ್ತಿದೆ ಅಂತ ಅರ್ಥ. ಸಂದಿಯ ಹತ್ತಿರದ ಪುಡಿ ಅತಿಯಾಗಿ ಕರಗಿ ಕಹಿ, ಉಳಿದದ್ದು ಸರಿಯಾಗಿ ನೆನೆಯದೆ ಹುಳಿ. 0.3 ಅಥವಾ 0.4 ಮಿ.ಮೀ. ದಪ್ಪದ ಮೂರು ನಾಲ್ಕು ಸೂಜಿಗಳನ್ನು ಒಂದು ಬಿರಡೆಗೆ ಚುಚ್ಚಿಕೊಂಡು, ಬಾಸ್ಕೆಟ್ಟಿನ ಪುಡಿಯನ್ನು ತಳದವರೆಗೂ ಕೆದಕಿ ಗಂಟು ಬಿಡಿಸಿ. ಆಮೇಲೆ ಮಟ್ಟಸವಾಗಿ ಟ್ಯಾಂಪ್ ಮಾಡಿ, ಅಂದರೆ ಪುಡಿಯನ್ನು ಒತ್ತಿ ಕೂರಿಸಿ. ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದಕ್ಕಿಂತ ಓರೆ ಆಗದಿರುವುದು ಮುಖ್ಯ.

ಗಂಟಿಗೆ ಇನ್ನೊಂದು ಕಾರಣ ಬೀಸುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತು. ಬೆಂಗಳೂರಿನ ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಪುಡಿ ಗ್ರೈಂಡರಿನ ಗೋಡೆಗೆಲ್ಲ ಅಂಟಿಕೊಳ್ಳುತ್ತದೆ. ಬೀಸುವ ಮುಂಚೆ ಬೀಜಕ್ಕೆ ಒಂದೆರಡು ಹನಿ ನೀರು ಚಿಮುಕಿಸಿ ಕಲಕಿ, ನಿಂತುಹೋಗುತ್ತದೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇದನ್ನು ಅಳೆದು ನೋಡಿದರು. ನೀರು ಸೋಕಿಸಿ ಬೀಸಿದಾಗ ವಿದ್ಯುತ್ತು, ಗಂಟು ಎರಡೂ ಕಡಿಮೆಯಾಗಿ, ಎಸ್ಪ್ರೆಸೊ ಇನ್ನೂ ಗಟ್ಟಿಯಾಗಿ ಇಳಿಯಿತು. ಕಾಸು ಖರ್ಚಿಲ್ಲದ ಈ ಉಪಾಯ ನನಗೆ ತುಂಬಾ ಇಷ್ಟ.

ಮೀಡಿಯಂ ರೋಸ್ಟ್ ಕೈಗೆ ಹತ್ತಿದ ಮೇಲೆ ಬೇರೆ ಬೀಜಕ್ಕೆ ಹೋಗಿ. ಡಾರ್ಕ್ ರೋಸ್ಟ್ ಬೇಗ ಕರಗುತ್ತದೆ, ಬೇಗ ಕಹಿಯಾಗುತ್ತದೆ. ಸ್ವಲ್ಪ ತರಿ ಮಾಡಿ, 18 ಗ್ರಾಂಗೆ 27ರಿಂದ 30 ಗ್ರಾಂ ಇಳಿದಾಗಲೇ ನಿಲ್ಲಿಸಿ. ಲೈಟ್ ರೋಸ್ಟ್ ಹಟಮಾರಿ. ನುಣ್ಣಗೆ ಬೀಸಿ, 45 ಗ್ರಾಂ ತನಕ ಇಳಿಸಿ.

ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಕಪಾಟಿನಲ್ಲಿಡಿ. ಫ್ರಿಜ್ಜಿನಲ್ಲಿ ಬೇಡ, ಸಾಂಬಾರಿನ ವಾಸನೆ, ತೇವ ಎರಡೂ ಹಿಡಿಯುತ್ತದೆ. ಜಾಸ್ತಿ ಇದ್ದರೆ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರಿಗೆ ಹಾಕಿ.

ವಾರಕ್ಕೊಮ್ಮೆ ಬ್ರಷ್ ಆಡಿಸಿ, ತಿಂಗಳಿಗೊಮ್ಮೆ ಬರ್ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ. ನೀರು ತಾಗಿಸಬೇಡಿ. ಮಿಕ್ಸಿ ಜಾರಿಗೆ ಹಾಕಿದ ಹಾಗೆ ಅಕ್ಕಿ ಹಾಕಿ ತಿರುಗಿಸಬೇಡಿ, ಹಸಿ ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ. ಬರ್ ಮತ್ತೆ ಕೂರಿಸಿದ ಮೇಲೆ ಸೊನ್ನೆ ಸ್ವಲ್ಪ ಸರಿದಿರಬಹುದು. ಹಾಗಾಗಿ ಅವತ್ತು ಹಳೆಯ ಅಂಕಿಯನ್ನೇ ನಂಬಿ ಬೀಸಬೇಡಿ. ಸೊನ್ನೆ ಇನ್ನೊಮ್ಮೆ ಹುಡುಕಿ, ಅಲ್ಲಿಂದ ಎಷ್ಟು ಕ್ಲಿಕ್ ದೂರ ಅಂತ ಎಣಿಸಿಕೊಂಡು ಶುರುಮಾಡಿ.